ಚಿಕ್ಕಪುಟ್ಟ ಕಾಯಿಲೆಗೆ ಫಾರ್ಮಸಿಸ್ಟರೇ ಔಷಧಿ ಬರೆಯುವುದು: ಒಂಟಾರಿಯೋದಿಂದ ಪ್ರಶ್ನೋತ್ತರ

ನಿರ್ವಾಹಕರು: ಮೈಸೂರಿನಲ್ಲಿ ಫಾರ್ಮಸಿ ಓದಿ, ಈಗ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಸದಸ್ಯೆಯೊಬ್ಬರು ಇಂದು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಸಣ್ಣ ಕಾಯಿಲೆಗಳನ್ನು ವಿಚಾರಿಸಿ ಔಷಧಿ ಬರೆಯುವುದನ್ನು ಹೊಸ ಫಾರ್ಮಸಿಸ್ಟರಿಗೆ ಹೇಳಿಕೊಡುವುದೂ ಅವರ ಕೆಲಸದ ಭಾಗ. ಎಲ್ಲರ ಹೆಸರನ್ನೂ ತೆಗೆದು ಊರನ್ನು ಮಾತ್ರ ಉಳಿಸಿದ್ದೇನೆ.

ಬ್ರಾಂಪ್ಟನ್: ನಮಸ್ಕಾರ ಮೇಡಂ. ಡಾಕ್ಟರ ಬಳಿಗೆ ಹೋಗದೆ ನೇರವಾಗಿ ಫಾರ್ಮಸಿಯಲ್ಲೇ ಔಷಧಿ ಬರೆಸಿಕೊಳ್ಳಬಹುದು ಎಂದು ಕೇಳಿದ್ದೇನೆ. ಎಲ್ಲ ಕಾಯಿಲೆಗೂ ಬರೆಯುತ್ತಾರೆಯೇ? ಹಣ ಕೊಡಬೇಕೇ?

ಫಾರ್ಮಸಿಸ್ಟ್: ಎಲ್ಲ ಕಾಯಿಲೆಗೂ ಇಲ್ಲ. ಒಂಟಾರಿಯೋದಲ್ಲಿ 2023ರ ಜನವರಿ 1ರಂದು 13 ಕಾಯಿಲೆಗಳಿಂದ ಇದು ಆರಂಭವಾಯಿತು. ಅಲರ್ಜಿಯ ನೆಗಡಿ, ಕಣ್ಣು ಬೇನೆ, ಇಸಬು, ಎದೆಯುರಿ, ಮೂಲವ್ಯಾಧಿ, ಮುಟ್ಟಿನ ನೋವು, ಹೆಂಗಸರ ತೊಡಕಿಲ್ಲದ ಉರಿಮೂತ್ರ, ಉಳುಕು ಮುಂತಾದವು ಅದರಲ್ಲಿದ್ದವು. ಅದೇ ವರ್ಷ ಅಕ್ಟೋಬರ್ 1ರಂದು ಮೊಡವೆ, ಬಾಯಿಹುಣ್ಣು, ಮಕ್ಕಳ ಡೈಪರ್ ಗುಳ್ಳೆ, ಜಂತುಹುಳು, ಬಸುರಿಯರ ವಾಂತಿ ಇತ್ಯಾದಿ ಆರು ಸೇರಿ 19 ಆದವು. ಓಹಿಪ್ ಕಾರ್ಡ್, ಎಂದರೆ ಒಂಟಾರಿಯೋ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ವಿಚಾರಣೆಗೆ ನೀವು ಹಣ ಕೊಡಬೇಕಾಗಿಲ್ಲ. ಔಷಧಿಯ ಬೆಲೆ ಮಾತ್ರ ನಿಮ್ಮದು ಅಥವಾ ನಿಮ್ಮ ವಿಮೆಯದು.

ಹುಬ್ಬಳ್ಳಿ: ನಾನು ಡಿ.ಫಾರ್ಮ್ ಮಾಡಿ ಬಹಳ ವರ್ಷಗಳಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಜ್ವರ, ಭೇದಿ, ತುರಿಕೆ ಎಂದು ಬರುವವರಿಗೆ ನಾವು ಇಲ್ಲಿ ದಿನವೂ ಔಷಧಿ ಕೊಡುತ್ತೇವೆ. ನಿಮ್ಮಲ್ಲಿ ಈಗ ಶುರುವಾಗಿದ್ದು ನಮ್ಮಲ್ಲಿ ಎಂದಿನಿಂದಲೂ ಇದೆ. ಇದಕ್ಕೆ ಪ್ರತ್ಯೇಕ ತರಬೇತಿ ಏಕೆ?

ಫಾರ್ಮಸಿಸ್ಟ್: ನಿಮ್ಮ ಅನುಭವದ ಬಗ್ಗೆ ನನಗೆ ಗೌರವವಿದೆ. ಹಳ್ಳಿಯಿಂದ ಬಂದವನಿಗೆ ಡಾಕ್ಟರ ಫೀಸು ಮತ್ತು ಒಂದು ದಿನದ ಕೂಲಿ ಉಳಿಸುವವರು ನೀವೇ ಎಂಬುದೂ ನಿಜ. ಆದರೆ ಔಷಧಿ ಕೊಡುವುದು ಬೇರೆ, ವಿಚಾರಿಸಿ ಬರೆಯುವುದು ಬೇರೆ. ಕೇಳಿದ್ದಕ್ಕೆ ಗುಳಿಗೆ ಕೊಡುವುದನ್ನು ನಾವು ಯಾರಿಗೂ ಕಲಿಸಬೇಕಾಗಿಲ್ಲ. ತರಬೇತಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದು ಯಾವಾಗ ಕೊಡಬಾರದು ಎಂಬುದರ ಮೇಲೆ.

ಐವತ್ತೈದು ವರ್ಷದವರೊಬ್ಬರು ಎದೆಯುರಿ ಎಂದು ಬಂದರು ಎನ್ನಿ. ಆಮ್ಲ ತಗ್ಗಿಸುವ ಗುಳಿಗೆ ಎಲ್ಲರಿಗೂ ಗೊತ್ತು. ಹೊಸ ಫಾರ್ಮಸಿಸ್ಟರಿಗೆ ನಾನು ಹೇಳುವುದು, ಆ ಗುಳಿಗೆಯ ಹೆಸರು ಬಾಯಿಗೆ ಬರುವ ಮೊದಲು ಇಷ್ಟನ್ನು ಕೇಳಿ ಎಂದು: ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಾಗಿದೆಯೇ, ನೋವು ತೋಳಿಗೋ ದವಡೆಗೋ ಹಬ್ಬುತ್ತದೆಯೇ, ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆಯೇ, ಮಂಡಿನೋವಿಗೆಂದು ಬೇರೆ ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ. ಒಂದಕ್ಕೆ ಹೌದು ಎಂದರೂ ಅದು ನಮ್ಮ ಪಟ್ಟಿಯ ಎದೆಯುರಿ ಅಲ್ಲ, ಅವರನ್ನು ವೈದ್ಯರ ಬಳಿಗೋ ತುರ್ತು ಚಿಕಿತ್ಸೆಗೋ ಕಳುಹಿಸಬೇಕು. ಇಲ್ಲಿ ಔಷಧಿ ಬರೆಯುವ ಮೊದಲು ಪ್ರಾಂತ್ಯದ ಫಾರ್ಮಸಿಸ್ಟರ ಕಾಲೇಜು, ಎಂದರೆ ನಮಗೆ ಪರವಾನಗಿ ಕೊಡುವ ಸಂಸ್ಥೆ, ನಿಗದಿ ಮಾಡಿದ ಪಾಠವನ್ನು ಕಡ್ಡಾಯವಾಗಿ ಮುಗಿಸಿರಬೇಕು. ಬರೆದ ಮೇಲೆ ಏನು ಕೇಳಿದೆ, ಏನು ಕಂಡೆ, ಏಕೆ ಬರೆದೆ ಎಂಬುದನ್ನು ದಾಖಲಿಸಬೇಕು, ರೋಗಿಯ ಮನೆವೈದ್ಯರಿಗೆ ತಿಳಿಸಬೇಕು, ಗುಣವಾಯಿತೇ ಎಂದು ನಂತರ ವಿಚಾರಿಸಬೇಕು. ನಿಮ್ಮ ಅಂಗಡಿಯಲ್ಲಿ ಕಳೆದ ವಾರ ತುರಿಕೆಗೆ ಮುಲಾಮು ಒಯ್ದವನು ಈಗ ಹೇಗಿದ್ದಾನೆ ಎಂದು ನಿಮಗೆ ಗೊತ್ತಾಗುವ ವ್ಯವಸ್ಥೆ ಇದೆಯೇ? ಇದನ್ನು ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ. ಭಾರತದಲ್ಲಿ ಷೆಡ್ಯೂಲ್ ಎಚ್ ಔಷಧಿಯನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಬರೆಯುವ ಅಧಿಕಾರವೂ ಫಾರ್ಮಸಿಸ್ಟರಿಗೆ ಇಲ್ಲ. ಹಾಗಾಗಿ ನಡೆಯುತ್ತಿರುವುದಕ್ಕೆ ದಾಖಲೆಯೂ ಇಲ್ಲ, ಹೊಣೆಯೂ ಇಲ್ಲ, ಕಲಿಯುವ ದಾರಿಯೂ ಇಲ್ಲ.

ಸ್ಕಾರ್‌ಬರೋ: ನನ್ನ ತಂದೆಗೆ 68 ವರ್ಷ, ಎರಡು ದಿನದಿಂದ ಉರಿಮೂತ್ರ. ಫಾರ್ಮಸಿಗೆ ಕರೆತರಬಹುದೇ?

ಫಾರ್ಮಸಿಸ್ಟ್: ಬೇಡ. ಗಂಡಸರ ಉರಿಮೂತ್ರ ನಮ್ಮ ವ್ಯಾಪ್ತಿಯಲ್ಲಿಲ್ಲ. ಇಂದೇ ವೈದ್ಯರಿಗೆ ತೋರಿಸಿ. ಚಳಿಜ್ವರ, ಸೊಂಟದ ಪಕ್ಕೆಯಲ್ಲಿ ನೋವು ಅಥವಾ ಮೂತ್ರ ಕಟ್ಟಿದಂತಾಗಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ತುಮಕೂರು: ಕಣ್ಣು ಬೇನೆಗೆ ಔಷಧಿಯೇ ಬೇಕಿಲ್ಲವೆಂಬ ಸಂದೇಶ ನಮ್ಮ ಗುಂಪುಗಳಲ್ಲಿ ಬಂದಿದೆ. ಎರಡು ಹನಿ ಎದೆಹಾಲು ಅಥವಾ ಈರುಳ್ಳಿ ರಸಕ್ಕೆ ಜೇನು ಬೆರೆಸಿ ಹಾಕಿದರೆ ಒಂದೇ ರಾತ್ರಿಯಲ್ಲಿ ವಾಸಿಯಂತೆ. ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕಿದ್ದೇನೆ.

ಫಾರ್ಮಸಿಸ್ಟ್: ದಯವಿಟ್ಟು ಆ ಸಂದೇಶವನ್ನು ಅಳಿಸಿ. ವೈರಸ್‌ನಿಂದ ಬರುವ ಕಣ್ಣು ಬೇನೆ ತಾನಾಗಿಯೇ ವಾಸಿಯಾಗುತ್ತದೆ, ಆ ಕೀರ್ತಿ ಈರುಳ್ಳಿಗೆ ಹೋಗುತ್ತದೆ. ಕಣ್ಣಿನೊಳಗೆ ಶುದ್ಧಗೊಳಿಸದ ಯಾವ ರಸವನ್ನೂ ಹಾಕಬಾರದು. ದೃಷ್ಟಿ ಮಂಜಾಗಿದ್ದರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ, ಕಾಂಟಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಅದು ಸಣ್ಣ ಕಾಯಿಲೆ ಅಲ್ಲ. ಅಂಥವರಿಗೆ ನಾನೂ ಹನಿ ಬರೆಯುವುದಿಲ್ಲ, ಅಂದೇ ಕಣ್ಣಿನ ವೈದ್ಯರ ಬಳಿಗೆ ಕಳುಹಿಸುತ್ತೇನೆ.

ಮಿಸಿಸಾಗಾ: ಮೇಡಂ, ನಮ್ಮ ಅತ್ತೆ ದಾವಣಗೆರೆಯಿಂದ ಬಂದು ಎರಡು ತಿಂಗಳಾಯಿತು. ಅವರಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಮತ್ತು ತೊಡೆ ಸಂದಿಯಲ್ಲಿ ಎರಡು ವರ್ಷದಿಂದ ತುರಿಕೆಯ ಮಚ್ಚೆಗಳಿವೆ. ಊರಿನ ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಮೂರು ದಿನದಲ್ಲಿ ಕಡಿಮೆಯಾಗುತ್ತದೆ, ಬಿಟ್ಟರೆ ಮೊದಲಿಗಿಂತ ಅಗಲವಾಗಿ ಬರುತ್ತದೆ. ಆರು ಟ್ಯೂಬ್ ತಂದಿದ್ದಾರೆ. ಈಗ ನನ್ನ ನಾಲ್ಕು ವರ್ಷದ ಮಗಳ ಕೆನ್ನೆಯ ಮೇಲೂ ಅಂಥದೇ ಒಂದು ಮಚ್ಚೆ. ಇಸಬು ನಿಮ್ಮ ಪಟ್ಟಿಯಲ್ಲಿದೆ ಎಂದಿರಿ, ಔಷಧಿ ಬರೆಯುವಿರಾ?

ಫಾರ್ಮಸಿಸ್ಟ್: ಇಂದು ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ತಂದಿರುವುದು ಇದು. ಟ್ಯೂಬಿನ ಹಿಂದೆ ಬರೆದಿರುವುದನ್ನು ಓದಿ ತಿಳಿಸಿ.

ಮಿಸಿಸಾಗಾ: ಕ್ಲೋಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಫಿನ್ ಎಂದಿದೆ.

ಫಾರ್ಮಸಿಸ್ಟ್: ಹಾಗೆಂದೇ ಅಂದುಕೊಂಡಿದ್ದೆ. ಮೊದಲು ಮಗುವಿನ ವಿಷಯ: ಆ ಟ್ಯೂಬನ್ನು ಮಗುವಿನ ಕೆನ್ನೆಗೆ ಒಮ್ಮೆಯೂ ಹಚ್ಚಬೇಡಿ.

ನೀವು ವಿವರಿಸಿದ್ದು ಬಹುಮಟ್ಟಿಗೆ ಹುಳುಕಡ್ಡಿಯಂತಿದೆ, ಎಂದರೆ ಶಿಲೀಂಧ್ರದ ಸೋಂಕು. ನೋಡದೆ ಖಚಿತವಾಗಿ ಹೇಳಲಾರೆ. ಟ್ಯೂಬಿನಲ್ಲಿರುವ ಕ್ಲೋಬೆಟಸಾಲ್ ಅತಿ ತೀಕ್ಷ್ಣವಾದ ಸ್ಟೆರಾಯ್ಡ್. ಅದು ತುರಿಕೆಯನ್ನೂ ಉರಿಯೂತವನ್ನೂ ಅಡಗಿಸುತ್ತದೆ, ಆದ್ದರಿಂದ ಮೂರು ದಿನದಲ್ಲಿ ವಾಸಿಯಾದಂತೆ ಕಾಣುತ್ತದೆ. ಆದರೆ ಶಿಲೀಂಧ್ರದ ವಿರುದ್ಧ ಚರ್ಮ ನಡೆಸುತ್ತಿದ್ದ ಹೋರಾಟವನ್ನೂ ಅದೇ ಅಡಗಿಸುವುದರಿಂದ ಸೋಂಕು ಒಳಗೊಳಗೇ ಹರಡುತ್ತದೆ. ವರ್ಷಗಟ್ಟಲೆ ಸಂದಿಗಳಲ್ಲಿ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕುಗೆರೆಗಳು ಬೀಳುತ್ತವೆ. ಹುಳುಕಡ್ಡಿಯ ಗುರುತಾದ ಉಬ್ಬಿದ ದುಂಡು ಅಂಚು ಅಳಿಸಿಹೋಗಿ, ನೋಡಿದವರು ಇಸಬು ಎಂದುಕೊಳ್ಳುವಂತಾಗುತ್ತದೆ.

ತರಬೇತಿಯಲ್ಲಿ ನಾನು ಇಂಥ ಪ್ರಕರಣವನ್ನು ತಪ್ಪದೆ ಇಡುತ್ತೇನೆ. ಇಸಬು ನಮ್ಮ ಪಟ್ಟಿಯಲ್ಲಿದೆ, ಹುಳುಕಡ್ಡಿ ಆ 19ರಲ್ಲಿ ಇಲ್ಲ. ಬರೆಯುವ ಅಧಿಕಾರವಿರುವ ಕಡೆಗೇ ಕೈ ಹೋಗುವುದು ಸಹಜ, ಹಾಗಾಗಿ ಹೊಸಬರು ತುರಿಕೆಯ ಮಚ್ಚೆಗೆ ಇನ್ನೊಂದು ಸ್ಟೆರಾಯ್ಡ್ ಬರೆದುಬಿಡುವ ಅಪಾಯವಿದೆ. ಪುಸ್ತಕಗಳಲ್ಲಿರುವ ಚಿತ್ರಗಳು ಹೆಚ್ಚಾಗಿ ಬಿಳಿಯ ಚರ್ಮದವು, ಅಲ್ಲಿ ಅಂಚು ಕೆಂಪಾಗಿ ಎದ್ದು ಕಾಣುತ್ತದೆ. ನಮ್ಮಂಥವರ ಚರ್ಮದಲ್ಲಿ ಅದು ಕಂದು ಅಥವಾ ಬೂದು ಬಣ್ಣಕ್ಕಿರಬಹುದು, ಕೆಂಪನ್ನೇ ಹುಡುಕುವವರಿಗೆ ಕಾಣುವುದಿಲ್ಲ. ಅದಕ್ಕಾಗಿ ನಾನು ಕಲಿಸುವ ಮೊದಲ ಪ್ರಶ್ನೆ: ‘ಇದುವರೆಗೆ ಏನೇನು ಹಚ್ಚಿದ್ದೀರಿ? ಟ್ಯೂಬನ್ನು ತಂದು ತೋರಿಸಿ.’ ಎರಡನೆಯದು: ‘ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?’ ನೀವು ಈಗಾಗಲೇ ಎರಡಕ್ಕೂ ಉತ್ತರ ಕೊಟ್ಟಿದ್ದೀರಿ.

ಇನ್ನೊಂದು ಕಾರಣಕ್ಕೂ ಇದನ್ನು ಅಂಗಡಿಯ ಮಟ್ಟದಲ್ಲಿ ಮುಗಿಸುವಂತಿಲ್ಲ. ಭಾರತದಲ್ಲಿ ಬಹಳವಾಗಿ ಹರಡಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರ, ನಿಮ್ಮ ಟ್ಯೂಬಿನಲ್ಲೂ ಇರುವ ಶಿಲೀಂಧ್ರನಾಶಕ ಟರ್ಬಿನಫಿನ್‌ಗೆ ಬಗ್ಗದಿರುವುದುಂಟು. ಅದು ಈಗ ಯುರೋಪಿನಲ್ಲೂ ಉತ್ತರ ಅಮೆರಿಕದಲ್ಲೂ ಕಂಡುಬಂದಿದೆ. ಆದ್ದರಿಂದ ಅತ್ತೆಯವರನ್ನೂ ಮಗುವನ್ನೂ ವೈದ್ಯರಿಗೆ ತೋರಿಸಿ, ಭಾರತದಿಂದ ಬಂದವರು ಎಂಬುದನ್ನು ಹೇಳಿ, ಟ್ಯೂಬನ್ನು ಜೊತೆಗೆ ಒಯ್ಯಿರಿ, ಚರ್ಮವನ್ನು ಕೆರೆದು ತೆಗೆದ ಹೊಟ್ಟಿನ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಗುಳಿಗೆ ಬೇಕೇ, ಯಾವುದು, ಎಷ್ಟು ವಾರ ಎಂಬುದನ್ನು ಅವರು ನಿರ್ಧರಿಸಲಿ. ಟ್ಯೂಬ್ ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ ಹೆಚ್ಚಬಹುದು, ಅದನ್ನು ಅತ್ತೆಯವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಮತ್ತೆ ಅದನ್ನೇ ಹಚ್ಚುತ್ತಾರೆ. ಟವೆಲ್, ಹಾಸಿಗೆ ಬೇರೆ ಇರಲಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಶಿವಮೊಗ್ಗ (ವೈದ್ಯ): ನಾನು ಇದನ್ನು ದಿನವೂ ನೋಡುತ್ತೇನೆ. ಈ ಟ್ಯೂಬುಗಳನ್ನು ಚೀಟಿಯಿಲ್ಲದೆ ಮಾರುವವರು ಯಾರು ಎಂದು ಹುಬ್ಬಳ್ಳಿಯವರು ಹೇಳಲಿ. 2018ರಲ್ಲೇ ಚರ್ಮಕ್ಕೆ ಹಚ್ಚುವ ಹಲವು ಸ್ಟೆರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಲಾಗಿದೆ. ಇಂಥವರ ಕೈಗೆ ಬರೆಯುವ ಅಧಿಕಾರವನ್ನೂ ಕೊಟ್ಟರೆ ಗತಿಯೇನು? ಮಾರುವವನೇ ಬರೆಯುವವನಾದರೆ ಲಾಭಕ್ಕಾಗಿ ಬರೆಯುವುದಿಲ್ಲವೇ?

ಹುಬ್ಬಳ್ಳಿ: ಡಾಕ್ಟರೇ, ಆ ಟ್ಯೂಬುಗಳ ಹೆಸರನ್ನು ಚೀಟಿಯಲ್ಲಿ ಮೊದಲು ಬರೆದವರು ಯಾರು? ನೀವು ಒಮ್ಮೆ ಬರೆದ ಚೀಟಿಯನ್ನೇ ಜನ ವರ್ಷಗಟ್ಟಲೆ ತಂದು ತೋರಿಸುತ್ತಾರೆ. ಕ್ಲಿನಿಕ್ಕಿನಲ್ಲೇ ಔಷಧಿ ಇಟ್ಟು ಮಾರುವ ವೈದ್ಯರಿಗೆ ಲಾಭದ ಮಾತು ಅನ್ವಯಿಸುವುದಿಲ್ಲವೇ?

ಶಿವಮೊಗ್ಗ (ವೈದ್ಯ): ಎಂ.ಬಿ.ಬಿ.ಎಸ್. ಓದಿದವನನ್ನೂ ಎರಡು ವರ್ಷದ ಡಿಪ್ಲೊಮಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹುಬ್ಬಳ್ಳಿ: ರಾತ್ರಿ ಹತ್ತು ಗಂಟೆಗೆ ಹಳ್ಳಿಯವನಿಗೆ ಬಾಗಿಲು ತೆರೆಯುವುದು ನಾವು, ನಿಮ್ಮ ಪದವಿಯಲ್ಲ.

ಫಾರ್ಮಸಿಸ್ಟ್: ಇಬ್ಬರೂ ಸ್ವಲ್ಪ ತಾಳಿ. ಲಾಭದ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರಿಸುತ್ತೇನೆ. ಇಲ್ಲಿ ಮುಖಾಮುಖಿ ವಿಚಾರಣೆಗೆ ಸರ್ಕಾರ ಫಾರ್ಮಸಿಗೆ 19 ಡಾಲರ್ ಕೊಡುವ ನಿಯಮದೊಂದಿಗೆ ಈ ವ್ಯವಸ್ಥೆ ಆರಂಭವಾಯಿತು. ಔಷಧಿ ಬರೆದರೂ, ಬೇಡವೆಂದು ಕಳುಹಿಸಿದರೂ ಆ ಶುಲ್ಕ ಅಷ್ಟೇ. ನಾನು ಬರೆದ ಚೀಟಿಯನ್ನು ರೋಗಿ ಬೇರೆ ಯಾವ ಫಾರ್ಮಸಿಗಾದರೂ ಒಯ್ಯಬಹುದು, ಅದನ್ನು ನಾನೇ ಹೇಳಬೇಕು. ಇದರಿಂದ ಆಸೆ ಪೂರ್ತಿ ಇಲ್ಲವಾಗುತ್ತದೆ ಎನ್ನಲಾರೆ, ಮಾಲೀಕರ ಒತ್ತಡ ಇಲ್ಲಿಯೂ ಇರಬಹುದು. ಆದರೆ ಗುಳಿಗೆ ಮಾರಿದರೆ ಮಾತ್ರ ಆದಾಯ ಎಂಬ ಸ್ಥಿತಿಯಲ್ಲಿ ಯಾರಿಗೂ ಬರೆಯುವ ಅಧಿಕಾರ ಕೊಡಬಾರದು ಎಂಬ ವೈದ್ಯರ ಮಾತನ್ನು ಒಪ್ಪುತ್ತೇನೆ. ಡಿಪ್ಲೊಮಾದವರಿಗೆ ಕಲಿಯಲು ಬರುವುದಿಲ್ಲ ಎಂಬುದನ್ನು ಒಪ್ಪುವುದಿಲ್ಲ.

ವಾಟರ್‌ಲೂ: ನಮ್ಮ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಅವರಿಗೂ ಉಚಿತವೇ?

ಫಾರ್ಮಸಿಸ್ಟ್: ಓಹಿಪ್ ಕಾರ್ಡ್ ಇದ್ದವರಿಗೆ ಮಾತ್ರ.

ಸಾಗರ: ಮೇಡಂ, ಉಣುಗು ಕಚ್ಚಿದರೆ ನಿಮ್ಮಲ್ಲಿ ಫಾರ್ಮಸಿಸ್ಟರೇ ಒಂದು ಡೋಸ್ ಔಷಧಿ ಕೊಡುತ್ತಾರೆಂದು ನನ್ನ ಮಗ ಹೇಳಿದ. ನಮ್ಮಲ್ಲಿ ಮಂಗನ ಕಾಯಿಲೆಯ ಭಯವಿದೆ. ಅದೇ ಗುಳಿಗೆಯನ್ನು ಇಲ್ಲಿ ತೆಗೆದುಕೊಂಡರೆ ಆಗುತ್ತದೆಯೇ?

ಫಾರ್ಮಸಿಸ್ಟ್: ಆಗುವುದಿಲ್ಲ, ಮತ್ತು ಕೇಳಿದ್ದು ಬಹಳ ಒಳ್ಳೆಯದಾಯಿತು. ಇಲ್ಲಿ ನಾವು ಡಾಕ್ಸಿಸೈಕ್ಲಿನ್ ಬರೆಯುವುದು ಲೈಮ್ ಕಾಯಿಲೆ ಬಾರದಂತೆ ತಡೆಯಲು. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಅದಕ್ಕೂ ಷರತ್ತುಗಳಿವೆ: ಕಪ್ಪು ಕಾಲಿನ ಜಾತಿಯ ಉಣುಗಾಗಿರಬೇಕು, ಸುಮಾರು ಒಂದು ದಿನವಾದರೂ ಕಚ್ಚಿಕೊಂಡಿರಬೇಕು, ಕಿತ್ತು 72 ಗಂಟೆಯೊಳಗೆ ಬಂದಿರಬೇಕು. 1957ರಲ್ಲಿ ನಿಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್‌ನದು, ಅದರ ಮೇಲೆ ಈ ಗುಳಿಗೆಗೆ ಯಾವ ಹಿಡಿತವೂ ಇಲ್ಲ. ಗುಳಿಗೆ ನುಂಗಿದ್ದೇನೆ ಎಂಬ ಧೈರ್ಯದಲ್ಲಿ ಜ್ವರ ಬಂದರೂ ಮನೆಯಲ್ಲಿ ಕೂರುವುದೇ ದೊಡ್ಡ ಅಪಾಯ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ವಿಪರೀತ ಮೈಕೈ ನೋವು ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗು ಕಚ್ಚಿದ್ದನ್ನು ಹೇಳಿ.

ತುಮಕೂರು: ಉಣುಗಿನ ಮೇಲೆ ಸೀಮೆಎಣ್ಣೆ ಸುರಿದರೆ ತಾನೇ ಬಿಡುತ್ತದೆ ಎಂಬ ಸಂದೇಶವೂ ಇದೆ, ಹಾಕುತ್ತೇನೆ.

ಫಾರ್ಮಸಿಸ್ಟ್: ಹಾಕಬೇಡಿ. ಎಣ್ಣೆ, ಬೆಂಕಿ, ಸುಣ್ಣ ಯಾವುದೂ ಬೇಡ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ. ಈರುಳ್ಳಿಯ ಸಂದೇಶ ಇನ್ನೂ ಮೇಲೆಯೇ ಇದೆ, ಅದನ್ನೂ ಅಳಿಸಿಲ್ಲ.

ತುಮಕೂರು: ಒಳ್ಳೆಯ ಉದ್ದೇಶದಿಂದ ಹಾಕಿದೆ. ನಮ್ಮ ಅಜ್ಜಿಯರು ಮೂರ್ಖರೇ?

ಫಾರ್ಮಸಿಸ್ಟ್: ಅಜ್ಜಿಯರು ತಮಗೆ ಗೊತ್ತಿದ್ದ ಮಗುವಿಗೆ, ತಾವೇ ಪಕ್ಕದಲ್ಲಿ ಕುಳಿತು, ತಮಗೆ ಗೊತ್ತಿದ್ದನ್ನು ಮಾಡಿದರು. ಯಾರು ಬರೆದರೆಂದೇ ತಿಳಿಯದ ಸಂದೇಶವನ್ನು ಗುರುತಿಲ್ಲದ ನೂರಾರು ಜನರ ಕಣ್ಣಿಗೆ ಹಾಕಿಸಲಿಲ್ಲ.

ಧಾರವಾಡ: ನನ್ನ ಮಗಳು ಫಾರ್ಮ್.ಡಿ. ಕೊನೆಯ ವರ್ಷ. ಭಾರತದಲ್ಲಿಯೂ ಈ ಅಧಿಕಾರ ಬರುವುದೇ? ಅಲ್ಲಿ ಸಂಬಳ ಎಷ್ಟು?

ಎಟೋಬಿಕೋ: ವಿಸಿಟರ್ ವೀಸಾದವರಿಗೆ ಉಚಿತವೇ?

ಫಾರ್ಮಸಿಸ್ಟ್: ಮೇಲೆ ವಾಟರ್‌ಲೂ ಅವರಿಗೆ ಕೊಟ್ಟ ಉತ್ತರ ನೋಡಿ.

ಶಿವಮೊಗ್ಗ (ವೈದ್ಯ): ಕೊನೆಗೂ ಒಂದು ಪಾಠ ಮುಗಿಸಿದವರೆಲ್ಲ ವೈದ್ಯರಾಗುತ್ತಾರೆ, ಅಷ್ಟೇ.

ಫಾರ್ಮಸಿಸ್ಟ್: ಇಲ್ಲ. ನಾನು ವೈದ್ಯೆ ಎಂದು ಎಲ್ಲಿಯೂ ಹೇಳಿಲ್ಲ. ಇಂದು ನಾನು ವೈದ್ಯರ ಬಳಿಗೆ ಕಳುಹಿಸಿದವರನ್ನು ಎಣಿಸಿ ನೋಡಿ, ಆಮೇಲೆ ಈ ಮಾತು ಆಡಿ.

ಮಿಸಿಸಾಗಾ: ಮೇಡಂ, ನಾಳೆ ಬೆಳಿಗ್ಗೆ ಮನೆವೈದ್ಯರ ಸಮಯ ಸಿಕ್ಕಿದೆ. ಆದರೆ ಅತ್ತೆ ಟ್ಯೂಬ್ ಕೊಡಲು ಒಪ್ಪುತ್ತಿಲ್ಲ, ಇಂದು ರಾತ್ರಿಯೂ ಹಚ್ಚುತ್ತೇನೆ ಎನ್ನುತ್ತಿದ್ದಾರೆ.

ಫಾರ್ಮಸಿಸ್ಟ್: ಜಗಳವಾಡಬೇಡಿ. ಮೊಮ್ಮಗಳ ಕೆನ್ನೆಯ ಮಚ್ಚೆಯನ್ನು ಅವರಿಗೆ ತೋರಿಸಿ, ವೈದ್ಯರು ಸರಿಯಾಗಿ ನೋಡಬೇಕಾದರೆ ಇಂದು ಏನನ್ನೂ ಹಚ್ಚಿರಬಾರದು ಎಂದು ಹೇಳಿ. ತುರಿಕೆಗೆ ತಣ್ಣೀರಿನ ಬಟ್ಟೆ ಇಡಿ. ಒಪ್ಪದಿದ್ದರೆ ನನಗೆ ಸಂದೇಶ ಕಳುಹಿಸಿ, ನಾನೇ ಫೋನಿನಲ್ಲಿ ಅವರೊಂದಿಗೆ ಮಾತನಾಡುತ್ತೇನೆ.

ಹುಬ್ಬಳ್ಳಿ: ಇಂಥ ಪಾಠ ಕನ್ನಡದಲ್ಲಿ ಸಿಗುವುದಾದರೆ ನಾನು ಕಲಿಯಲು ಸಿದ್ಧ. ಶಿವಮೊಗ್ಗದ ಡಾಕ್ಟರು ಕಲಿಸಲು ಸಿದ್ಧರೇ?

ನಿರ್ವಾಹಕರು: ಮಾತು ವೈಯಕ್ತಿಕವಾಗುತ್ತಿರುವುದರಿಂದ ಪ್ರತಿಕ್ರಿಯೆಗಳನ್ನು ಇಲ್ಲಿಗೆ ಮುಚ್ಚುತ್ತಿದ್ದೇನೆ. ತುಮಕೂರಿನವರ ಎರಡು ಸಂದೇಶಗಳನ್ನು ಅಳಿಸಲಾಗಿದೆ.