4x5 ಇಂಚಿನ ನೆಗೆಟಿವ್ 6400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೂ ಗೋಪುರದ ಗೊಂಬೆಗಳು ಕಾಣ್ತಿಲ್ಲ, ಯಾಕೆ?

ಕಪ್ಪುಬಟ್ಟೆ:
ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ನೋಡಿದಾಗಿನಿಂದ ನಾನೂ ಒಮ್ಮೆ ದೊಡ್ಡ ಫಿಲ್ಮ್‌ನಲ್ಲಿ ಹಂಪಿ ತೆಗೆಯಬೇಕು ಅಂತ ಆಸೆ ಇತ್ತು. ಕಳೆದ ತಿಂಗಳು ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ, ಕಾಲ ಬುಡದ ಬಂಡೆಗಳಿಂದ ಹಿಡಿದು ವಿರೂಪಾಕ್ಷನ ಗೋಪುರದವರೆಗೆ ಎಲ್ಲ ಬರುವ ಹಾಗೆ ನಾಲ್ಕು ಶೀಟ್ ತೆಗೆದೆ. 150 ಎಂಎಂ ಲೆನ್ಸ್, ಇಲ್ಫರ್ಡ್ ಎಫ್‌ಪಿ4, ಎಫ್ 45, 1 ಸೆಕೆಂಡ್. ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 6400 ಡಿಪಿಐ (ಇಂಚಿಗೆ 6400 ಚುಕ್ಕೆ) ಇಟ್ಟರೆ ಸುಮಾರು 80 ಕೋಟಿ ಪಿಕ್ಸೆಲ್, 16 ಬಿಟ್ ಕಪ್ಪುಬಿಳುಪು ಫೈಲೇ 1.6 ಜಿಬಿ. ಆದರೆ ಗೋಪುರವನ್ನು ಹಿಗ್ಗಿಸಿ ನೋಡಿದರೆ ಗಾರೆ ಗೊಂಬೆಗಳೆಲ್ಲ ಹಿಟ್ಟಿನ ಹಾಗೆ ಕಲಸಿಹೋಗಿವೆ. 5 ಅಡಿ ಅಗಲದ ಪ್ರಿಂಟ್ ಹಾಕಿಸಬೇಕು ಅಂತಿದ್ದೆ. ಡ್ರಮ್ ಸ್ಕ್ಯಾನ್ (ನೆಗೆಟಿವನ್ನು ಉರುಳೆಗೆ ಅಂಟಿಸಿ ಓದುವ ಸ್ಕ್ಯಾನ್) ಮಾಡಿಸಿದರೆ ಸರಿ ಹೋಗುತ್ತಾ?

ಬೆಳಕಿಂಡಿ:
ಈ ನೆಗೆಟಿವ್‌ಗೆ ಡ್ರಮ್ ಸ್ಕ್ಯಾನ್ ಮಾಡಿಸಬೇಡಿ, ದುಡ್ಡು ಸುಮ್ನೆ ಹೋಗುತ್ತೆ. ತೊಂದರೆ ಇರುವುದು ಎಫ್ 45ರಲ್ಲಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ಕಿರಿದು. ಅಪರ್ಚರ್ ಕಿರಿದಾದಷ್ಟೂ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತೆ, ಎಷ್ಟು ಒಳ್ಳೆಯ ಲೆನ್ಸ್ ಆದರೂ ಅದನ್ನು ತಪ್ಪಿಸಲು ಆಗಲ್ಲ. ಒಂದು ಅಂದಾಜು ಲೆಕ್ಕ ಇದೆ. 1500ನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಎಫ್ 45ಕ್ಕೆ ಒಂದು ಮಿಲಿಮೀಟರ್‌ಗೆ 33 ಜೋಡಿ ಕಪ್ಪು-ಬಿಳಿ ಗೆರೆ ಬೇರೆ ಬೇರೆಯಾಗಿ ಕಾಣುತ್ತೆ, ಅಷ್ಟೇ. ಅದನ್ನು ಪೂರ್ತಿ ಎತ್ತಿಕೊಳ್ಳೋಕೆ 1700 ಡಿಪಿಐ ಸಾಕು. ಅದಕ್ಕಿಂತ ಮೇಲೆ ನೀವು ಸ್ಕ್ಯಾನ್ ಮಾಡಿದ್ದೆಲ್ಲ ಬರೀ ಗ್ರೇನ್ (ಫಿಲ್ಮಿನ ಕಣ) ಮತ್ತು ಧೂಳು.

ಇನ್ನೊಂದು ಥರ ನೋಡಿ. ಗೋಪುರ ಸುಮಾರು 1 ಕಿಲೋಮೀಟರ್ ದೂರ ಅಂತ ಇಟ್ಟುಕೊಳ್ಳಿ. 150 ಎಂಎಂ ಲೆನ್ಸಿನಲ್ಲಿ ಆ 33 ಜೋಡಿಯಲ್ಲಿ ಒಂದೊಂದು ಜೋಡಿಗೂ ಗೋಪುರದ ಮೇಲೆ 20 ಸೆಂಟಿಮೀಟರ್ ಜಾಗ ಹೋಗುತ್ತೆ. ಗೊಂಬೆಯ ಕೈ, ಮುಖ ಎಲ್ಲ ಅದಕ್ಕಿಂತ ಚಿಕ್ಕವು, ಅಲ್ವಾ? ಅವು ಫಿಲ್ಮ್‌ಗೆ ಬಿದ್ದೇ ಇಲ್ಲ.

ಮಲೆನಾಡಿಗ:
ಬೆಳಕಿಂಡಿ ಅವರ ಲೆಕ್ಕ ಸರಿ ಇದೆ. ಆದರೂ ಮೊದಲು ನೆಗೆಟಿವನ್ನೇ ನೋಡಿ. ಲೈಟ್ ಟೇಬಲ್ ಮೇಲಿಟ್ಟು, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ಗೋಪುರ ನೋಡಿ. ಲೂಪಿನಲ್ಲಿ ಕಂಡು ಸ್ಕ್ಯಾನಿನಲ್ಲಿ ಕಾಣದಿದ್ದರೆ ಸ್ಕ್ಯಾನರಿನ ತಪ್ಪು, ಎರಡರಲ್ಲೂ ಇಲ್ಲ ಅಂದರೆ ಬೆಟ್ಟದ ಮೇಲೇ ಕಳೆದುಹೋಗಿದೆ. ಡಬ್ಬಿ ಮೇಲೆ 6400 ಅಂತ ಇದ್ದರೂ ಒಳ್ಳೆಯ ಫ್ಲಾಟ್‌ಬೆಡ್‌ಗಳು ನಿಜವಾಗಿ ಬಿಡಿಸುವುದು 2400ರ ಆಸುಪಾಸು. ಅದೂ ನೆಗೆಟಿವ್ ಹಿಡಿಯುವ ಹೋಲ್ಡರ್ ಎತ್ತರ ಸರಿ ಇದ್ದರೆ ಮಾತ್ರ. ಅರ್ಧ ಮಿಲಿಮೀಟರ್ ಮೇಲೆ ಕೆಳಗೆ ಮಾಡಿ ಮೂರ್ನಾಲ್ಕು ಸಲ ಸ್ಕ್ಯಾನ್ ಮಾಡಿ ಹೋಲಿಸಿ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಆನ್ ಇದ್ದರೆ ಆಫ್ ಮಾಡಿ, ಎಫ್‌ಪಿ4 ಥರದ ಬೆಳ್ಳಿ ಇರುವ ಕಪ್ಪುಬಿಳುಪು ಫಿಲ್ಮ್‌ಗೆ ಅದು ಆಗಿಬರಲ್ಲ.

ಮತ್ತೆ ಆ 1 ಸೆಕೆಂಡ್! ಬೆಟ್ಟದ ತುದಿಯಲ್ಲಿ ಬೆಳಿಗ್ಗೆ ಗಾಳಿ ಇರುತ್ತೆ, ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಹಾಯಿಪಟದ ಹಾಗೆ ಗಾಳಿ ಹಿಡಿಯುತ್ತೆ. ಎಫ್ 22 ಇಟ್ಟಿದ್ದರೆ ಕಾಲು ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಕಪ್ಪುಬಟ್ಟೆ:
ಲೂಪ್ ಹಿಡಿದು ನೋಡಿದೆ. ನಾಲ್ಕೂ ಶೀಟಿನಲ್ಲಿ ಗೊಂಬೆಗಳು ಇಲ್ಲ. ಬೇಜಾರಾಯಿತು, ಆದರೆ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಎಫ್ 22 ಇಟ್ಟರೆ ಹತ್ತಿರದ ಬಂಡೆ ಮಸುಕಾಗುತ್ತಲ್ಲ, ಅದಕ್ಕೇನು ಮಾಡಲಿ?

ಬೆಳಕಿಂಡಿ:
ಲೆನ್ಸ್ ಹಲಗೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕ್ಯಾಮರಾದಲ್ಲಿ ಟಿಲ್ಟ್ ಕೊಟ್ಟಿರುವುದೇ ಅದಕ್ಕೆ. ಫೋಕಸ್ಸಿನ ಸಮತಲ ಬಂಡೆಯ ಮೇಲಿಂದ ಇಳಿಜಾರಾಗಿ ಗೋಪುರಕ್ಕೆ ಹೋಗಿ ಮಲಗುತ್ತೆ. ಎರಡು ಮೂರು ಡಿಗ್ರಿಯಿಂದ ಶುರು ಮಾಡಿ. ಗ್ರೌಂಡ್ ಗ್ಲಾಸ್ (ಕ್ಯಾಮರಾ ಹಿಂದಿನ ಮಸುಕು ಗಾಜು) ಮೇಲೆ ಲೂಪ್ ಇಟ್ಟು ಬಂಡೆ ಒಮ್ಮೆ, ಗೋಪುರ ಒಮ್ಮೆ ನೋಡುತ್ತಾ ಸರಿ ಮಾಡಿ. ಗೋಪುರದ ತುದಿ ಮತ್ತು ಬುಡ ಎರಡನ್ನೂ ನೋಡೋದು ಮರೀಬೇಡಿ, ಎತ್ತರದ ವಸ್ತು ಆ ಸಮತಲದಿಂದ ಹೊರಗೆ ಚಾಚಿಕೊಂಡಿರುತ್ತೆ.

ಎಫ್ 22ರಲ್ಲಿ ಲೆಕ್ಕ 68 ಜೋಡಿಗೆ ಏರುತ್ತೆ, ಅಂದರೆ 3400 ಡಿಪಿಐ ಮೇಲೆ. ಆಗ ನಿಮ್ಮ ಫ್ಲಾಟ್‌ಬೆಡ್ ಹಿಂದೆ ಬೀಳುತ್ತೆ. ನೆಗೆಟಿವನ್ನು ಎಣ್ಣೆಯಂಥ ದ್ರವದಲ್ಲಿ ಡ್ರಮ್ಮಿಗೆ ಅಂಟಿಸಿ ಚುಕ್ಕೆ ಚುಕ್ಕೆಯಾಗಿ ಓದುವ ಡ್ರಮ್ ಸ್ಕ್ಯಾನಿಗೆ ಖರ್ಚು ಮಾಡಬೇಕಾದದ್ದು ಅಂಥ ಶೀಟಿಗೆ. ಮನೆಯಲ್ಲೇ ಆಗಬೇಕಾದರೆ ಡಿಜಿಟಲ್ ಕ್ಯಾಮರಾ ಮತ್ತು ಮ್ಯಾಕ್ರೋ ಲೆನ್ಸಿನಿಂದ ತುಂಡು ತುಂಡಾಗಿ 20-25 ಫ್ರೇಮ್ ತೆಗೆದು ಹೊಲಿಯಬಹುದು.

ಮಲೆನಾಡಿಗ:
ಗೋಪುರವೇ ಮುಖ್ಯ ಅಂದರೆ 300 ಎಂಎಂ ಲೆನ್ಸ್ ಒಯ್ಯಿರಿ, ಬಂಡೆ ಬಿಟ್ಟುಹೋದರೂ ಪರವಾಗಿಲ್ಲ. ಆದರೆ ತಗೊಳ್ಳೋ ಮುಂಚೆ ನಿಮ್ಮ ಬೆಲ್ಲೋಸ್ ಎಷ್ಟು ಉದ್ದ ಚಾಚುತ್ತೆ ಅಂತ ಅಳೆದುಕೊಳ್ಳಿ, ದೂರದ ಫೋಕಸ್ಸಿಗೇ 30 ಸೆಂಟಿಮೀಟರ್ ಹತ್ತಿರ ಬೇಕು. ಅಷ್ಟು ಉದ್ದ ಚಾಚಿದಾಗ ಗಾಳಿಗೆ ಅಡ್ಡ ಹಿಡಿಯೋಕೆ ಒಂದು ದೊಡ್ಡ ಕೊಡೆ, ಅದನ್ನು ಹಿಡಿದು ನಿಲ್ಲೋಕೆ ಒಬ್ಬ ಸ್ನೇಹಿತರು ಇದ್ದರೆ ಒಳ್ಳೇದು.