ಸರ್ಕಾರದ ಕಣ್ಗಾವಲಿನ ಅಕ್ರಮ ಬಯಲಿಗೆಳೆದವರನ್ನು ಕಾನೂನು ಕಾಯುತ್ತದೆಯೇ? – ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ನಮ್ಮ ಗುಂಪಿನ ಸದಸ್ಯೆಯೊಬ್ಬರು ಇಂದು ಉತ್ತರಿಸಲಿದ್ದಾರೆ. ಪ್ರಶ್ನೆ ಕೇಳುವವರು ಹೆಸರು ಬರೆಯದೆ ಊರನ್ನಷ್ಟೇ ತಿಳಿಸಬೇಕು.

ವಿದ್ಯಾನಗರ, ಹುಬ್ಬಳ್ಳಿ: ನಮಸ್ಕಾರ ಮೇಡಂ. ಅಕ್ರಮವನ್ನು ತಿಳಿಸುವವರ ರಕ್ಷಣೆಗೆ 2014ರಲ್ಲೇ ವಿಸಲ್‌ಬ್ಲೋವರ್ ಕಾಯ್ದೆ ಬಂದಿದೆಯಲ್ಲ, ಮತ್ತೆ ನೌಕರರು ಹೆದರುವುದೇಕೆ?

ವಕೀಲರು: ನಮಸ್ಕಾರ. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ, ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಬಿದ್ದಿಲ್ಲ. ಸದ್ಯ ಇರುವುದು 2004ರ ಕೇಂದ್ರ ಸರ್ಕಾರದ ನಿರ್ಣಯ. ಹೆದ್ದಾರಿ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಇಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದ ಮೇಲೆ ಅದು ಬಂತು. ಅದರಡಿ ಕೇಂದ್ರ ಜಾಗೃತ ಆಯೋಗವು ದೂರುದಾರರ ಹೆಸರನ್ನು ಗುಟ್ಟಾಗಿಡಬೇಕು. ಹೆಸರಿಲ್ಲದ ದೂರನ್ನು ಆಯೋಗ ಸ್ವೀಕರಿಸುವುದಿಲ್ಲ, ರಾಜ್ಯ ಸರ್ಕಾರದ ನೌಕರರ ಮೇಲಿನ ದೂರು ಅದರ ವ್ಯಾಪ್ತಿಗೆ ಬರುವುದಿಲ್ಲ.

ನವನಗರ: ನನ್ನ ಫೋನನ್ನು ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ ಎಂದು ತಿಳಿಯಲು *#21# ಒತ್ತಿದರೆ ಸಾಕು ಎಂಬ ಸಂದೇಶ ಬಂದಿದೆ. ಎಲ್ಲರೂ ಒಮ್ಮೆ ನೋಡಿಕೊಳ್ಳಿರಿ.

ವಕೀಲರು: ಆ ಸಂಖ್ಯೆಯಿಂದ ತಿಳಿಯುವುದು ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗುತ್ತಿವೆಯೇ ಎಂಬುದು ಮಾತ್ರ. ಸರ್ಕಾರ ಮೊಬೈಲ್ ಕಂಪನಿಯ ಮೂಲಕ ಕೇಳಿಸಿಕೊಳ್ಳುತ್ತಿದ್ದರೆ ನಿಮ್ಮ ಫೋನಿನಲ್ಲಿ ಯಾವ ಗುರುತೂ ಕಾಣಿಸುವುದಿಲ್ಲ.

ಬೆಟಗೇರಿ, ಗದಗ: ಮೇಡಂ, ನಮ್ಮ ಅಕ್ಕನ ಮಗ ಮೊಬೈಲ್ ಕಂಪನಿಯೊಂದರಲ್ಲಿ ಹೊರಗುತ್ತಿಗೆಯ ಮೇಲೆ ಕೆಲಸ ಮಾಡುತ್ತಾನೆ. ಪ್ರಕರಣದ ಸಂಖ್ಯೆಯನ್ನೇ ಕಾಣಿಸದೆ, ಒಂದು ಟವರಿನ ವ್ಯಾಪ್ತಿಯಲ್ಲಿದ್ದ ಎಲ್ಲರ ಕರೆ ವಿವರಗಳನ್ನು ಪೊಲೀಸರು ಮೇಲಿಂದ ಮೇಲೆ ಕೇಳುತ್ತಿದ್ದಾರಂತೆ. ಅವನು ಒಂದು ಪಟ್ಟಿಯ ಫೋಟೊ ತೆಗೆದುಕೊಂಡಿದ್ದಾನೆ. ಅದನ್ನು ಪತ್ರಿಕೆಗೆ ಕೊಡಬಹುದೇ?

ವಕೀಲರು: ಮೊದಲು ಈ ಪ್ರಶ್ನೆಯನ್ನು ಗುಂಪಿನಿಂದ ತೆಗೆಯಿರಿ. ಕಕ್ಷಿದಾರರು ವಕೀಲರಿಗೆ ಹೇಳಿದ್ದು ಹೊರಬೀಳಬಾರದೆಂಬ ರಕ್ಷಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಇಷ್ಟೊಂದು ಜನ ಓದುವ ಜಾಗದಲ್ಲಿ ಬರೆದದ್ದಕ್ಕೆ ಆ ರಕ್ಷಣೆ ಸಿಗುವುದಿಲ್ಲ.

ಹುಡುಗನ ಸಂಶಯಕ್ಕೆ ಆಧಾರವಿದೆ. ಮಾತುಗಳನ್ನು ಕದ್ದು ಕೇಳಲು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ವಿಧಿಸಿದೆ. ಕರೆ ವಿವರಗಳಿಗೆ ಅಷ್ಟು ಬಿಗಿಯಾದ ಕಾವಲಿಲ್ಲ. ಹಾಗಿದ್ದರೂ ಯಾರು ಯಾವ ರಾತ್ರಿ ಯಾವ ವೈದ್ಯರಿಗೆ, ಯಾವ ವಕೀಲರಿಗೆ, ಯಾವ ವರದಿಗಾರರಿಗೆ ಕರೆ ಮಾಡಿದರು ಎಂಬ ಪಟ್ಟಿಯೊಂದೇ ಸಾಕು, ಮಾತನ್ನು ಕೇಳದೆಯೇ ಒಬ್ಬರ ಬದುಕನ್ನು ಓದಿಬಿಡಬಹುದು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, 2017ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಮೇಲೆ, ಇಂಥ ಹಸ್ತಕ್ಷೇಪಕ್ಕೆ ಕಾನೂನಿನ ಬೆಂಬಲವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಪ್ರಕರಣವೇ ಇಲ್ಲದೆ ಊರಿಗೆ ಊರನ್ನೇ ಜಾಲಾಡುವುದು ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ.

ನನಗೆ ಚಿಂತೆಯಾಗಿರುವುದು ಆ ಫೋಟೊ. ಅದರಲ್ಲಿರುವುದು ಏನೂ ತಪ್ಪು ಮಾಡದ ನೂರಾರು ಜನರ ನಂಬರುಗಳು. ಅದನ್ನು ಹಂಚಿದರೆ, ಕೆಲಸದ ಕರಾರು ಮುರಿದು ಗ್ರಾಹಕರ ವಿವರ ಬಿಟ್ಟುಕೊಟ್ಟನೆಂದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 72ಎ ಕಲಮನ್ನು ಅವನ ಮೇಲೆಯೇ ಹಾಕಲು ನೋಡುತ್ತಾರೆ. ಅದಕ್ಕೆ ಮೂರು ವರ್ಷದವರೆಗೆ ಜೈಲು. ಕಾಯಂ ಸರ್ಕಾರಿ ನೌಕರರಿಗೆ, ಸಾಮಾನ್ಯವಾಗಿ ವಿಚಾರಣೆಯಿಲ್ಲದೆ ವಜಾ ಮಾಡದಂತೆ ತಡೆಯುವ ಸಂವಿಧಾನದ 311ನೇ ವಿಧಿಯ ಆಸರೆಯಾದರೂ ಇದೆ, ಹೊರಗುತ್ತಿಗೆಯವನನ್ನು ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅಮೆರಿಕದ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರಳಾಗಿದ್ದ ರಿಯಾಲಿಟಿ ವಿನ್ನರ್ ಎಂಬ ಹೆಸರಿನಾಕೆ 2017ರಲ್ಲಿ ಸಿಕ್ಕಿಬಿದ್ದದ್ದು ಹೇಗೆಂದು ಅವನು ತಿಳಿದುಕೊಳ್ಳಲಿ. ಆಕೆ ಹೊರಹಾಕಿದ್ದು ಕಣ್ಗಾವಲಿನ ಕಾಗದವಲ್ಲ, ಚುನಾವಣೆಯ ಮೇಲಿನ ರಷ್ಯಾದ ಸೈಬರ್ ದಾಳಿಯ ವರದಿ. ಆ ಕಾಗದವನ್ನು ಮುದ್ರಿಸಿಕೊಂಡವರು ಆರು ಮಂದಿ ಮಾತ್ರ, ಅವರಲ್ಲಿ ಸುದ್ದಿಸಂಸ್ಥೆಗೆ ಕಚೇರಿಯ ಕಂಪ್ಯೂಟರಿನಿಂದ ಇಮೇಲ್ ಕಳಿಸಿದ್ದವಳು ಆಕೆಯೊಬ್ಬಳೇ. ಐದು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು.

ಆದ್ದರಿಂದ ಅವನು ಇನ್ನೊಂದು ಫೋಟೊ ತೆಗೆಯಬಾರದು, ಇದ್ದದ್ದನ್ನು ಯಾರಿಗೂ ಕಳಿಸಬಾರದು. ಗಾಬರಿಯಲ್ಲಿ ಅಳಿಸಲೂ ಬಾರದು, ಸಾಕ್ಷ್ಯ ನಾಶವೆಂದು ಅದನ್ನು ತಿರುಗಿಸಬಹುದು. ವಕೀಲರನ್ನು ಖುದ್ದಾಗಿ ಕಾಣಲಿ. ಲೋಕಾಯುಕ್ತಕ್ಕೆ ಪ್ರಮಾಣಪತ್ರದೊಂದಿಗೆ ದೂರು ಕೊಡುವ ದಾರಿಯಿದೆ, ಅಲ್ಲಿ ಹೆಸರು ಕೊಡಲೇಬೇಕು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವುದಾದರೆ ಅವನೇ ಅರ್ಜಿದಾರನಾಗಬೇಕೆಂದಿಲ್ಲ. ಯಾವುದು ಸರಿಯೆಂಬುದನ್ನು ಕಾಗದ ನೋಡದೆ ಹೇಳಲಾರೆ.

ಹಾವೇರಿ: ಸುದ್ದಿ ಕೊಟ್ಟವರ ಹೆಸರು ಹೇಳೆಂದು ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ ಅಲ್ಲವೇ?

ವಕೀಲರು: ಪತ್ರಿಕಾ ಮಂಡಳಿಯು ಒತ್ತಾಯಿಸುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಪೊಲೀಸರಿಗೂ ನ್ಯಾಯಾಲಯಕ್ಕೂ ಆ ತಡೆ ಅನ್ವಯಿಸುವುದಿಲ್ಲ.

ಕೇಶ್ವಾಪುರ: ತಪ್ಪು ಮಾಡದವರು ಹೆದರಬೇಕಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಸ್ನೋಡೆನ್ ದೇಶದ ಗುಟ್ಟನ್ನು ಬಿಟ್ಟುಕೊಟ್ಟು ರಷ್ಯಾ ಸೇರಿಕೊಂಡನು. ಅಂಥವರನ್ನು ಹೊಗಳುವುದು ದೇಶಕ್ಕೆ ಒಳ್ಳೆಯದಲ್ಲ.

ಸಪ್ತಾಪುರ, ಧಾರವಾಡ: ಅವರು ಹೊರಟಿದ್ದು ರಷ್ಯಾಕ್ಕಲ್ಲ. 2013ರಲ್ಲಿ ಅಮೆರಿಕ ಪಾಸ್‌ಪೋರ್ಟ್ ರದ್ದುಗೊಳಿಸಿದ್ದರಿಂದ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡರು. ಅವರು ಬಯಲಿಗೆಳೆದ ಸಾರಾಸಗಟು ಕರೆ ವಿವರ ಸಂಗ್ರಹವು ಕಾನೂನುಬಾಹಿರವೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯಗಳೇ 2015ರಲ್ಲಿ ಮತ್ತು 2020ರಲ್ಲಿ ಹೇಳಿವೆ. ನಮ್ಮಲ್ಲೇ 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆಗ ಕದ್ದಾಲಿಕೆಗೆ ಒಳಗಾದರೆನ್ನಲಾದ ರಾಜಕಾರಣಿಗಳೂ ತಪ್ಪು ಮಾಡಿದ್ದರೇ?

ಕೇಶ್ವಾಪುರ: ನೀವು ನಿವೃತ್ತ ಮಾಸ್ತರರು, ಪಾಠ ಮಾಡುವ ರೂಢಿ ಬಿಟ್ಟಿಲ್ಲ. ದೂರಿದ್ದರೆ ಮೇಲಧಿಕಾರಿಗೆ ಹೇಳಬೇಕಿತ್ತು.

ಸಪ್ತಾಪುರ: ಓದದವರಿಗೆ ಪಾಠ ಬೇಕಾಗುತ್ತದೆ.

ವಕೀಲರು: ಇಬ್ಬರೂ ನಿಲ್ಲಿಸಿರಿ. ಮೇಲಧಿಕಾರಿಗೆ ಹೇಳಿದವರ ಗತಿಯೂ ದಾಖಲಾಗಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಥಾಮಸ್ ಡ್ರೇಕ್ ಮೊದಲು ಒಳಗಿನ ದಾರಿಯನ್ನೇ ಹಿಡಿದಿದ್ದರು. 2010ರಲ್ಲಿ ಗೂಢಚರ್ಯೆ ಕಾಯ್ದೆಯಡಿ ಅವರ ಮೇಲೆ ದೋಷಾರೋಪವಾಯಿತು. ಮರುವರ್ಷ ಸರ್ಕಾರವೇ ದೊಡ್ಡ ಆರೋಪಗಳನ್ನು ಕೈಬಿಟ್ಟಿತು, ಅಷ್ಟರಲ್ಲಿ ಅವರ ಕೆಲಸ ಹೋಗಿತ್ತು.

ರಾಣೆಬೆನ್ನೂರು: ನನ್ನ ಮಗಳು ಕೇಂದ್ರದ ಇಲಾಖೆಯೊಂದರಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾಳೆ. ಕೆಲಸ ಬಿಟ್ಟ ಮೇಲೆ ಅಲ್ಲಿ ಕಂಡದ್ದನ್ನು ಬರೆದರೂ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅನ್ವಯಿಸುತ್ತದೆಯೇ?

ನವನಗರ: ವಾಟ್ಸಾಪ್‌ನಲ್ಲಿ ಮೂರು ಗೆರೆ ಕಂಡರೆ ಸರ್ಕಾರ ಸಂದೇಶ ಓದಿದೆ ಎಂದರ್ಥವಂತೆ. ಮೂರನೆಯದು ಕೆಂಪಾದರೆ ಸಮನ್ಸ್ ಬರುತ್ತದಂತೆ.

ವಕೀಲರು: ಸುಳ್ಳು. ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. ಇಂಥದ್ದನ್ನು ನಂಬಿ, ಕೆಂಪು ಗೆರೆ ಕಾಣಲಿಲ್ಲವೆಂಬ ಧೈರ್ಯದಲ್ಲಿ ಯಾರಾದರೂ ಕಚೇರಿಯ ಕಾಗದವನ್ನು ಕಳಿಸಿದರೆ ಜೈಲಿಗೆ ಹೋಗುವವರು ಅವರು, ಸಂದೇಶ ಹಂಚಿದವರಲ್ಲ. ದಯವಿಟ್ಟು ಹಂಚಬೇಡಿರಿ.

ಗೋಕುಲ ರಸ್ತೆ: 2014ರ ಕಾಯ್ದೆಯಡಿ ದೂರು ಕೊಡಬಹುದಲ್ಲವೇ ಮೇಡಂ?

ವಕೀಲರು: ಮೊದಲ ಉತ್ತರ ಓದಿರಿ.

ಬೆಟಗೇರಿ, ಗದಗ: ಮೇಡಂ, ಹುಡುಗನಿಗೆ ಹೇಳಿದೆ. ಅವನು ಆಗಲೇ ಆ ಫೋಟೊವನ್ನು ಗೆಳೆಯನೊಬ್ಬನಿಗೆ ಕಳಿಸಿದ್ದಾನಂತೆ. ಗೆಳೆಯ ಅದೇ ಕಚೇರಿಯವನು, ಅವನ ಹೆಸರು

ವಕೀಲರು: ಹೆಸರು ಬರೆಯಬೇಡಿರಿ. ನಿರ್ವಾಹಕರೇ, ಇವರ ಎರಡೂ ಸಂದೇಶಗಳನ್ನು ಈಗಲೇ ತೆಗೆಯಿರಿ. ಬೆಟಗೇರಿಯವರೇ, ನಾಳೆ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬನ್ನಿರಿ, ಆ ಗೆಳೆಯನಿಗೆ ಅವನು ಕರೆಯನ್ನೂ ಮಾಡಕೂಡದು.