ಕ್ಲಿಂಗಾನರ ಹಣೆ ಮೂರು ಸಲ ಬದಲಾಯಿತು, ತಂಗಿ ಮಗಳಿಗೆ ಏನಂತ ಹೇಳಲಿ?

ಕೋಟೆಬಾಗಿಲು, ಬಳ್ಳಾರಿ

ಬೇಸಿಗೆ ರಜೆಗೆ ತಂಗಿ ಮಗಳು ಬಂದಿದ್ದಾಳೆ. ಏಳನೇ ಕ್ಲಾಸು ಮುಗಿದಿದೆ. ಬೆಳಿಗ್ಗೆ ಹತ್ತು ದಾಟಿದರೆ ಬಳ್ಳಾರಿ ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ, ಒಳಗಿದ್ದರೆ ಫೋನು ಬಿಡುವುದಿಲ್ಲ. ಅದಕ್ಕೆ ನಾನೇ ಕೂರಿಸಿಕೊಂಡು ಸ್ಟಾರ್ ಟ್ರೆಕ್ ಅನ್ನುವ ಅಂತರಿಕ್ಷ ಕಥೆಯ ಟಿವಿ ಸರಣಿಗಳನ್ನು ತೋರಿಸಲು ಶುರು ಮಾಡಿದೆ. ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನೋಡಿದ್ದು, ಆಗ ಅದರ ಇಂಗ್ಲಿಷ್ ಕಾಲು ಭಾಗ ಕೂಡ ತಿಳಿಯುತ್ತಿರಲಿಲ್ಲ, ಆದರೂ ಹುಚ್ಚು ಇವತ್ತಿಗೂ ಇಳಿದಿಲ್ಲ.

ತಪ್ಪು ಎಲ್ಲಿ ಮಾಡಿದೆ ಅಂದರೆ, ಬಂದ ವರ್ಷದ ಪ್ರಕಾರ ತೋರಿಸಲಿಲ್ಲ. ಕಥೆ ನಡೆಯುವ ಕಾಲದ ಪ್ರಕಾರ ತೋರಿಸಿದೆ. ಮೊದಲು 'ಎಂಟರ್‌ಪ್ರೈಸ್'. ಅದು ಬಂದದ್ದು 2001ರಲ್ಲಿ, ಕಥೆ ಶುರುವಾಗುವುದು 2151ರಲ್ಲಿ. ಆಮೇಲೆ 2017ರ 'ಡಿಸ್ಕವರಿ', ಅದರ ಕಥೆ 2256ರದ್ದು. ಕೊನೆಗೆ 1966ರ ಮೂಲ ಸರಣಿ, ಅದು 2260ರ ದಶಕದ ಕಥೆ. ಎಲ್ಲ ಕಂತೂ ಅಲ್ಲ, ಆರಿಸಿ ಆರಿಸಿ. ಮೂಲ ಸರಣಿ ಹಚ್ಚಿ ಹತ್ತು ನಿಮಿಷ ಆಗಿರಲಿಲ್ಲ, ಹುಡುಗಿ ಕೇಳಿದಳು: "ಮಾಮಾ, ಇವರು ಬಡವರಾಗಿಬಿಟ್ರಾ?"

ಕೇಳಿದ್ದು ಸರಿಯೇ. ಹಿಂದಿನದರಲ್ಲಿ ದೂರದ ಮನುಷ್ಯ ಎದುರಿಗೇ ಬಂದು ನಿಂತ ಹಾಗೆ ಹೊಲೋಗ್ರಾಮಿನಲ್ಲಿ ಮಾತಾಡುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಬಣ್ಣದ ಗುಂಡಿ ಒತ್ತುತ್ತಾ ಕೂತಿದ್ದಾರೆ. ಇನ್ನು ಕ್ಲಿಂಗಾನರು, ಅಂದರೆ ಕಥೆಯಲ್ಲಿ ಬರುವ ಬೇರೆ ಗ್ರಹದ ಯೋಧರು. ಮೊದಲನೆಯದರಲ್ಲಿ ಹಣೆಯ ಮೂಳೆ ಎದ್ದು ಕಾಣುತ್ತಿತ್ತು, ಎರಡನೆಯದರಲ್ಲಿ ತಲೆಯೇ ಬೋಳು, ಮೂರನೆಯದರಲ್ಲಿ ನಮ್ಮ ನಿಮ್ಮ ಹಾಗೆ ನುಣ್ಣನೆ ಹಣೆ, ಮುಖಕ್ಕೆ ಒಂದಿಷ್ಟು ಕಂದು ಬಣ್ಣ ಬಳಿದು ಗಡ್ಡ ಅಂಟಿಸಿದ್ದಾರೆ ಅಷ್ಟೇ. ಖಾನ್ ಅನ್ನುವ ಖಳನಾಯಕ ಬರುವ 1967ರ ಕಂತಿನಲ್ಲಂತೂ 1990ರ ದಶಕದಲ್ಲಿ ಲೋಕಕ್ಕೆಲ್ಲ ದೊಡ್ಡ ಯುದ್ಧ ಆಯಿತು ಅನ್ನುತ್ತಾರೆ. ಆಗ ನಾನು ಕಾಲೇಜಿನಲ್ಲಿದ್ದೆ. ಬಳ್ಳಾರಿಗೆ ಸುದ್ದಿ ಬರಲಿಲ್ಲ.

ನಾನು ಜೀನ್ಸ್ ಹೊಲಿಸುವ ಯೂನಿಟ್ ಇಟ್ಟವನು. ಒಂದೇ ಪ್ಯಾಂಟಿನ ಎರಡು ಕಾಲಿಗೆ ಎರಡು ಶೇಡ್ ಬಂದರೆ ಮಾಲು ವಾಪಸ್. ಆ ಕಣ್ಣು ಟಿವಿ ಮುಂದೆ ಕೂತರೂ ಸುಮ್ಮನಿರುವುದಿಲ್ಲ. ಮನೆಯವಳು, "ಮಗೂಗೆ ಕಥೆ ತೋರಿಸ್ತಿದ್ದೀರೋ, ಮಾಲು ಚೆಕ್ ಮಾಡಿಸ್ತಿದ್ದೀರೋ" ಅಂತ ನಗುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಈ ಸಲ ಮೊದಲಿನ ಖುಷಿ ಸಿಗುತ್ತಿಲ್ಲ. ನೀವೆಲ್ಲ ಕಂಟಿನ್ಯುಯಿಟಿ, ಅಂದರೆ ಹಿಂದಿನ ಕಥೆಗೂ ಮುಂದಿನದಕ್ಕೂ ತಾಳೆ ಆಗುತ್ತದೋ ಇಲ್ಲವೋ ಅಂತ ನೋಡುತ್ತೀರಾ, ಬಿಟ್ಟುಬಿಡುತ್ತೀರಾ? ಮೂಲ ಸರಣಿ ಮುಂದುವರಿಸಲಾ, ನಿಲ್ಲಿಸಲಾ?

ಎರಡುನದಿ, ರಾಯಚೂರು

ಅಣ್ಣಾ, ಆರಿಸುವಾಗ ಉತ್ತರ ಇದ್ದ ಕಂತನ್ನೇ ಬಿಟ್ಟಿದ್ದೀರಿ. 'ಎಂಟರ್‌ಪ್ರೈಸ್' ನಾಲ್ಕನೇ ಸೀಸನ್ನಿನಲ್ಲಿ 'ಅಫ್ಲಿಕ್ಷನ್', 'ಡೈವರ್ಜೆನ್ಸ್' ಅಂತ ಎರಡು ಕಂತು ಇವೆ, 2005ರಲ್ಲಿ ಬಂದದ್ದು. ಮನುಷ್ಯರ ತಿದ್ದಿದ ಜೀನ್ ತಗೊಂಡು ಬಲಶಾಲಿ ಸೈನಿಕರನ್ನು ಮಾಡಲು ಕ್ಲಿಂಗಾನರು ಹೊರಡುತ್ತಾರೆ, ಅದು ಒಂದು ಜ್ವರದ ಜೊತೆ ಸೇರಿ ಊರೂರಿಗೆ ಹಬ್ಬುತ್ತದೆ. ಡಾಕ್ಟರ್ ಫ್ಲಾಕ್ಸ್ ಜೀವ ಉಳಿಸುತ್ತಾನೆ, ಹಣೆ ಉಳಿಸಲು ಆಗುವುದಿಲ್ಲ. ನುಣ್ಣನೆ ಹಣೆ ಬಂದದ್ದು ಹಾಗೆ. ಅಸಲಿ ಕಾರಣ ಎಲ್ಲರಿಗೂ ಗೊತ್ತು, 60ರ ದಶಕದಲ್ಲಿ ಮೇಕಪ್ಪಿಗೆ ದುಡ್ಡಿರಲಿಲ್ಲ, 1979ರ ಸಿನಿಮಾಗೆ ಇತ್ತು. ಆದರೆ ಬಡತನ ಮಾಡಿದ ತಪ್ಪಿನಿಂದ ಇಂಥ ಕಥೆ ತೆಗೆದರಲ್ಲ, ಅದು ನನಗೆ ಬಹಳ ಹಿಡಿಸಿತು.

ಹೊಲೋಗ್ರಾಮಿಗೂ ಒಂದು ಮಾತಿನ ಉತ್ತರ ಇದೆ. 'ಡಿಸ್ಕವರಿ' ಎರಡನೇ ಸೀಸನ್ನಿನಲ್ಲಿ ಕ್ಯಾಪ್ಟನ್ ಪೈಕ್ ಬೇಜಾರಾಗಿ, ನನ್ನ ಹಡಗಿನಿಂದ ಅದನ್ನು ಪೂರ್ತಿ ಕಿತ್ತುಹಾಕಿ, ಹಳೆ ಪರದೆಯೇ ಸಾಕು ಅನ್ನುತ್ತಾನೆ.

ಆದರೂ ನಾನು ಕಂಟಿನ್ಯುಯಿಟಿ ಪಕ್ಷವೇ. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಶೇಡ್ ಬೇರೆ ಬಂದರೆ ಸಹಿಸುತ್ತೇನೆ, ಹೊಲಿಗೆ ಬಿಟ್ಟರೆ ಸಹಿಸುವುದಿಲ್ಲ. ಹಣೆ, ಗುಂಡಿ, ಯೂನಿಫಾರ್ಮು, ಇವೆಲ್ಲ ಶೇಡ್. ಹೊಲಿಗೆ ಬಿಟ್ಟದ್ದು 2013ರ 'ಇನ್ಟು ಡಾರ್ಕ್‌ನೆಸ್' ಸಿನಿಮಾದಲ್ಲಿ. ಅದರಲ್ಲಿ ಖಾನ್ ಒಂದು ಸಣ್ಣ ಯಂತ್ರ ಇಟ್ಟುಕೊಂಡು ಭೂಮಿಯಿಂದ ಸೀದಾ ಕ್ಲಿಂಗಾನರ ಗ್ರಹಕ್ಕೆ ಹೋಗಿ ನಿಲ್ಲುತ್ತಾನೆ. ಹಾಗಾದರೆ ಹಡಗು ಯಾಕೆ ಬೇಕು? ಅದೇ ಸಿನಿಮಾದಲ್ಲಿ ಸತ್ತ ನಾಯಕ ಕ್ಯಾಪ್ಟನ್ ಕರ್ಕ್ ಖಾನನ ರಕ್ತದಿಂದ ಎದ್ದು ಕೂರುತ್ತಾನೆ. ಆಮೇಲೆ ಯಾರಾದರೂ ಸತ್ತರೆ ನಾನು ಯಾಕೆ ಅಳಬೇಕು ಹೇಳಿ. ಲೆಕ್ಕ ತಪ್ಪಿತು ಅಂತ ಸಿಟ್ಟಲ್ಲ, ಮುಂದಿನ ಭಯವನ್ನೇ ಕೊಂದುಹಾಕಿದರು ಅಂತ ಸಿಟ್ಟು.

ನೈಟ್‌ಶಿಫ್ಟ್, ತೋರಣಗಲ್ಲು

ರಾಯಚೂರಣ್ಣ, ಎಂಟು ಗಂಟೆ ಬೆಂಕಿ ಹತ್ತಿರ ನಿಂತು ಬಂದವನಿಗೆ ಇಷ್ಟು ಹೋಮ್‌ವರ್ಕ್ ಕೊಡಬೇಡಿ.

ನೀವು ಹೇಳುವ ನಿಯಮಗಳೇ ಎಲ್ಲಿಂದ ಬಂದವು? ವಾರವಾರ ಹಡಗನ್ನು ಗ್ರಹದ ಮೇಲೆ ಇಳಿಸುವ ದೃಶ್ಯ ತೆಗೆಯಲು ದುಡ್ಡು ಸಾಲದೆ ಹುಟ್ಟಿದ್ದು, ಮನುಷ್ಯರನ್ನು ಹಡಗಿನಿಂದ ಗ್ರಹಕ್ಕೆ ಕ್ಷಣದಲ್ಲಿ ಇಳಿಸುವ ಆ ಟ್ರಾನ್ಸ್‌ಪೋರ್ಟರ್. ಇರುವ ಸಾಮಾನಿನಲ್ಲಿ ಅಡುಗೆ ಮಾಡಿದ್ದಾರೆ, ರುಚಿ ಇದ್ದರೆ ಸಾಕು. ಮೂರು ಸೀಸನ್, 79 ಕಂತು, ಅದನ್ನು ಬರೆಯುವಾಗ ಅರವತ್ತು ವರ್ಷ ಆದ ಮೇಲೆ ನಾವು ಇಲ್ಲಿ ಕೂತು ಹಣೆ ಅಳೆಯುತ್ತೇವೆ ಅಂತ ಯಾರಿಗೆ ಗೊತ್ತಿತ್ತು.

ನನಗೆ ನಗು ಬಂದದ್ದು ತೇಪೆ ಹಚ್ಚಿದ್ದಕ್ಕೇ. 'ಡಿಸ್ಕವರಿ' ಹಡಗು 900ಕ್ಕೂ ಜಾಸ್ತಿ ವರ್ಷ ಮುಂದಕ್ಕೆ ಹೋಗಿಬಿಡುತ್ತದೆ. ಮೂಲ ಸರಣಿಯ ಸ್ಪಾಕ್, ಆ ಹಡಗಿನಲ್ಲಿದ್ದ ತನ್ನ ಅಕ್ಕನ ಹೆಸರು ಯಾವತ್ತೂ ಯಾಕೆ ಎತ್ತಲಿಲ್ಲ ಅಂದರೆ, ಆ ಹಡಗಿನ ಬಗ್ಗೆ ಬಾಯಿ ಬಿಟ್ಟರೆ ದೇಶದ್ರೋಹ ಅಂತ ಮಾಡಿಬಿಟ್ಟರು. ಮನೆಯಲ್ಲಿ ಯಾರೋ ಓಡಿಹೋಗಿ ಮದುವೆಯಾದರೆ ಅವರ ಹೆಸರು ಎತ್ತಬೇಡಿ ಅಂತಾರಲ್ಲ, ಹಾಗೆ. ಉತ್ತರ ಕೊಡದೆ ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು.

ಸೋನಾಮಸೂರಿ, ಗಂಗಾವತಿ

ನಮ್ಮಜ್ಜ ಹುಟ್ಟಿದ್ದು ನಿಜಾಮರ ಕಾಲದಲ್ಲಿ. 1956ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರಾದರು, 1997ರವರೆಗೆ ರಾಯಚೂರು ಜಿಲ್ಲೆ, ಆಮೇಲೆ ಕೊಪ್ಪಳ ಜಿಲ್ಲೆ. ಅಷ್ಟೂ ಕಾಲ ಕೂತದ್ದು ಅದೇ ಬೇವಿನಮರದ ಕಟ್ಟೆ ಮೇಲೆ. ನಿಮ್ಮ ಕಡೆಯೂ ಅಷ್ಟೇ, ಹಂಪಿ ಬಳ್ಳಾರಿ ಜಿಲ್ಲೆ ಅಂತ ಓದಿ ಪಾಸಾದವರು 2021ರಿಂದ ವಿಜಯನಗರ ಜಿಲ್ಲೆ ಅನ್ನಬೇಕು. ಹಳೆ ಪುಸ್ತಕ ಸುಳ್ಳಾಯಿತಾ? ಹುಡುಗಿಗೆ ಇದನ್ನೇ ಹೇಳಿ, ತಟ್ಟನೆ ತಿಳಿಯುತ್ತದೆ.

ಇನ್ನೊಂದು. ನಮ್ಮ ಆನೆಗೊಂದಿ ಹತ್ತಿರದ ಅಂಜನಾದ್ರಿಯಲ್ಲೇ ಹನುಮ ಹುಟ್ಟಿದ್ದು ಅಂತ ನಾವು. ನಾಸಿಕ್ ಕಡೆಯವರು ಅಂಜನೇರಿ ಅನ್ನುತ್ತಾರೆ. ತಿರುಮಲದವರು 2021ರಲ್ಲಿ ತಮ್ಮ ಬೆಟ್ಟವೇ ಅಂದರು. ವಾದ ನಡೆದೇ ಇದೆ, ಆದರೆ ಶನಿವಾರ ಬೆಟ್ಟ ಹತ್ತುವವರೇನೂ ಕಡಿಮೆಯಾಗಿಲ್ಲ.

ಹಾಗಂತ ರಾಯಚೂರಣ್ಣನ ಮಾತು ಪೂರ್ತಿ ತಳ್ಳಿಹಾಕಲ್ಲ. ಒಂದು ಸಲ ನಮ್ಮೂರ ಬಯಲಾಟದಲ್ಲಿ ಭೀಮ ಕೈಗಡಿಯಾರ ಬಿಚ್ಚುವುದು ಮರೆತು ರಂಗಕ್ಕೆ ಬಂದ. ಜನ ಬಿದ್ದು ಬಿದ್ದು ನಕ್ಕರು, ಬೆಳಗಿನವರೆಗೂ ಕೂತು ನೋಡಿದರು. ಅದೇ ದುರ್ಯೋಧನ ಗೆದ್ದಿದ್ದರೆ ಚಪ್ಪರ ಕಿತ್ತುಹಾಕುತ್ತಿದ್ದರು.

ಕಿನ್ನಾಳಗೊಂಬೆ, ಕೊಪ್ಪಳ

ಸ್ಟಾರ್ ಟ್ರೆಕ್ಕಿಗೆ ಇಷ್ಟು ತಲೆನೋವಾ? ನಾನು ಬ್ರಿಟನ್ನಿನ ಟಿವಿ ಸರಣಿ 'ಡಾಕ್ಟರ್ ಹೂ' ನೋಡುವವಳು, ನಮ್ಮ ಕಥೆ ಕೇಳಿ. 1963ರಲ್ಲಿ ಶುರುವಾಯಿತು. ಮೂರೇ ವರ್ಷಕ್ಕೆ, 'ಡಾಕ್ಟರ್' ಅನ್ನುವ ನಾಯಕನ ಪಾತ್ರ ಮಾಡುತ್ತಿದ್ದ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು. ಬೇರೆಯವರಾಗಿದ್ದರೆ ಸರಣಿ ಮುಚ್ಚುತ್ತಿದ್ದರು. ಇವರು 1966ರಲ್ಲಿ, ಡಾಕ್ಟರಿಗೆ ಹಳೆ ಮೈ ಸವೆದರೆ ಹೊಸ ಮೈ ಬರುತ್ತದೆ ಅಂದುಬಿಟ್ಟರು. ಪ್ಯಾಟ್ರಿಕ್ ಟ್ರೌಟನ್ ಬಂದ. ಕಂಟಿನ್ಯುಯಿಟಿ ಹಿಡಿದು ಕೂತಿದ್ದರೆ ಅರವತ್ತು ವರ್ಷ ಬಾಳುತ್ತಿರಲಿಲ್ಲ. 1976ರಲ್ಲಿ ಹೊಸ ಮೈ 12 ಸಲ ಮಾತ್ರ ಅಂತ ಮಿತಿ ಹಾಕಿದರು, 2013ರಲ್ಲಿ ಆ ಮಿತಿ ಮುಟ್ಟಿತು, ಆಗ ಇನ್ನೊಂದು ಸುತ್ತು ಕೊಟ್ಟರು. ನಾನು ಅತ್ತಿದ್ದೆ ಆ ಕಂತಿಗೆ. 2020ರಲ್ಲಿ, ಮೊದಲನೆಯವನಿಗಿಂತ ಮೊದಲೇ ಬೇರೆ ಎಷ್ಟೋ ಡಾಕ್ಟರು ಇದ್ದರು ಅಂದಾಗ ಮಾತ್ರ ರಿಮೋಟ್ ಎಸೆದೆ. ಮುಂದಿನ ವಾರ ಮತ್ತೆ ಹಚ್ಚಿದೆ ಅನ್ನಿ.

ಬಳ್ಳಾರಿ ಅಣ್ಣಾ, ಈಗ ಒಂದು ಕೆಲಸ ಮಾಡಿ. ಮೂಲ ಸರಣಿಯಲ್ಲಿ ಟ್ರಿಬಲ್ ಅನ್ನುವ ತುಪ್ಪಳದ ಪುಟ್ಟ ಪ್ರಾಣಿಗಳ ಕಂತು ಇದೆಯಲ್ಲ, 1967ರದ್ದು, ಅದನ್ನು ಮೊದಲು ತೋರಿಸಿ. ಅದಾದ ಕೂಡಲೇ ಸ್ಟಾರ್ ಟ್ರೆಕ್ಕಿನದೇ 'ಡೀಪ್ ಸ್ಪೇಸ್ ನೈನ್' ಸರಣಿಯಲ್ಲಿ 1996ರಲ್ಲಿ ಬಂದ ಟ್ರಿಬಲ್ ಕಂತು ಹಚ್ಚಿ. ಏನೂ ವಿವರಿಸಬೇಡಿ. ಬಾಯಿ ಮುಚ್ಚಿಕೊಂಡು ಕೂತಿರಿ.

ಎರಡುನದಿ, ರಾಯಚೂರು

ಅಕ್ಕಾ, ಡಾಕ್ಟರಿನ ಕಥೆಯಲ್ಲಿ ಬದಲಾಗುವುದೇ ನಿಯಮ ಆಯಿತು, ಹಾಗಾಗಿ ಅದು ನನ್ನ ಪಕ್ಷದ ಸಾಕ್ಷಿ. ನೀವು ರಿಮೋಟ್ ಎಸೆದದ್ದೂ. ಟ್ರಿಬಲ್ ಸಲಹೆ ಮಾತ್ರ ಬಂಗಾರದಂಥದ್ದು.

ಕೋಟೆಬಾಗಿಲು, ಬಳ್ಳಾರಿ

ಅಕ್ಕ ಹೇಳಿದ ಹಾಗೇ ಮಾಡಿದೆ. ಎರಡು ಪ್ಲೇಟ್ ಒಗ್ಗರಣೆ, ಮಿರ್ಚಿ ತಂದಿಟ್ಟುಕೊಂಡು ಎರಡನ್ನೂ ಒಟ್ಟಿಗೆ ನೋಡಿದೆವು. 1996ರದ್ದರಲ್ಲಿ ಹೊಸ ನಟರು ಹಳೆ ಕಂತಿನ ಒಳಗೇ ಹೋಗಿ ನಿಲ್ಲುತ್ತಾರೆ. ಅಲ್ಲಿ ನುಣ್ಣನೆ ಹಣೆಯ ಕ್ಲಿಂಗಾನರನ್ನು ನೋಡಿ ಎಲ್ಲರೂ ತಿರುಗಿ ತಮ್ಮ ಜೊತೆ ಬಂದ ಕ್ಲಿಂಗಾನ ವೋರ್ಫ್ ಮುಖ ನೋಡುತ್ತಾರೆ. ಅವನ ಹಣೆ ನೋಡಿದರೆ ಒಣಗಿದ ಕೆರೆಯ ಹಾಗಿದೆ. ಅವನು ಗಂಟಲು ಬಿಗಿಹಿಡಿದು, ಇದನ್ನು ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಅಂತಾನೆ. ಹುಡುಗಿ ನಕ್ಕ ನಗುವಿಗೆ ಮಿರ್ಚಿ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಅವರಿಗೂ ಗೊತ್ತು, ನಮಗೂ ಗೊತ್ತು, ಎಲ್ಲರೂ ಸೇರಿ ನಗುತ್ತಿದ್ದೇವೆ ಅನ್ನಿಸಿತು ನನಗೆ. ಬಹಳ ದಿನದ ಮೇಲೆ.

ಈಗ ಅವಳು ಯೂನಿಟ್ಟಿನ ಹಳೆ ಲೆಕ್ಕದ ಪುಸ್ತಕ ಒಂದನ್ನು ತಗೊಂಡು ತಪ್ಪುಗಳ ಪಟ್ಟಿ ಮಾಡುತ್ತಿದ್ದಾಳೆ. ತಪ್ಪು ಸಿಕ್ಕರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಇವಳಿಗೆ ಕುಣಿಯುವಷ್ಟು ಖುಷಿ. ನಿನ್ನೆ ರಾತ್ರಿ 1982ರ ಖಾನ್ ಸಿನಿಮಾ ನೋಡಿದೆವು. ಅದರಲ್ಲಿ ಖಾನ್, ಕರ್ಕ್ ಹಡಗಿನ ಹಳೆ ಸಿಬ್ಬಂದಿ ಚೆಕೋವನ ಗುರುತು ಹಿಡಿಯುತ್ತಾನೆ. ಆದರೆ ಖಾನ್ ಬಂದ ಕಂತಿನಲ್ಲಿ ಚೆಕೋವ್ ಇಲ್ಲವೇ ಇಲ್ಲ, ಅವನು ಸರಣಿಗೆ ಬಂದದ್ದೇ ಎರಡನೇ ಸೀಸನ್ನಿನಲ್ಲಿ. ಈಗ ಸಿಕ್ಕಿಬಿದ್ದೆ ಅಂತ ನಾನು ಕಾಯುತ್ತಿದ್ದರೆ ಅವಳೇ ಹೇಳಿದಳು: "ಹಡಗಲ್ಲಿ 430 ಜನ ಇದ್ದಾರೆ ಮಾಮಾ. ಕೆಳಗಡೆ ಎಲ್ಲೋ ಕೆಲಸ ಮಾಡ್ತಿದ್ದ. ನಿನ್ನ ಯೂನಿಟ್ಟಲ್ಲಿ ಇರೋರೆಲ್ಲ ನಿನ್ನ ಟೇಬಲ್ ಮುಂದೇನೇ ನಿಂತಿರ್ತಾರಾ?"

ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ಅವಳ ಹತ್ತಿರವೂ ಉತ್ತರ ಇಲ್ಲ. ಮೊದಮೊದಲ ಕಂತೊಂದರಲ್ಲಿ ಕರ್ಕ್ ಹೆಸರಿನ ಸಮಾಧಿ ಕಲ್ಲು ಬರುತ್ತದೆ, ಅದರ ಮೇಲೆ ಜೇಮ್ಸ್ 'ಟಿ' ಕರ್ಕ್ ಅಂತ ಇರಬೇಕಾದ ಕಡೆ 'ಆರ್' ಅಂತ ಕೆತ್ತಿದೆ. ರಾಯಚೂರಿನ ಅಣ್ಣಾ, ಶನಿವಾರದೊಳಗೆ ಹೇಳಬೇಕಂತೆ. ಭಾನುವಾರ ಅವಳು ಊರಿಗೆ ಹೊರಡುತ್ತಾಳೆ.